ಎರಡನೇ ಸ್ಟ್ರಾಂಡಿನ ಬಿಲೆಟ್ ಡೈಮಂಡ್ ಆಗುತ್ತಿದೆ: ಸ್ಪ್ರೇ ನೀರು ಹೆಚ್ಚಿಸಬೇಕೇ, ಮೋಲ್ಡ್ ಬಿಚ್ಚಬೇಕೇ?

ಪೆನ್ನಾರ್ ದಂಡೆ (ಹಿಂದೂಪುರ)

ಎಲ್ಲರಿಗೂ ನಮಸ್ಕಾರ. ಹಿಂದೂಪುರದ ಸುತ್ತಲಿನ ಒಂದು ಸಣ್ಣ ಉಕ್ಕಿನ ಘಟಕದಲ್ಲಿ ನಾನು ಎರಕದ ಪಾಳಿ ನೋಡಿಕೊಳ್ಳುತ್ತೇನೆ. ಇಂಡಕ್ಷನ್ ಕುಲುಮೆಯಲ್ಲಿ ಸ್ಪಂಜ್ ಕಬ್ಬಿಣ ಮತ್ತು ಗುಜರಿ ಕರಗಿಸಿ, ಎರಡು ಸ್ಟ್ರಾಂಡಿನ (ಒಟ್ಟಿಗೆ ಎರಡು ಸಾಲು ಎರೆಯುವ) ಯಂತ್ರದಲ್ಲಿ ಟಿಎಂಟಿ ಸರಳಿಗೆ (ಕಟ್ಟಡದ ಕಬ್ಬಿಣ) ಬೇಕಾದ 125 ಮಿ.ಮೀ. ಚೌಕದ ಬಿಲೆಟ್ (ಉಕ್ಕಿನ ದಿಮ್ಮಿ) ಎರೆಯುತ್ತೇವೆ. ಇಂಗಾಲ 0.20ರಿಂದ 0.24 ಶೇಕಡಾ, ವೇಗ ಸಾಮಾನ್ಯವಾಗಿ ನಿಮಿಷಕ್ಕೆ 2.4 ಮೀಟರ್, ಮೋಲ್ಡಿಗೆ (ಕರಗಿದ ಉಕ್ಕು ಚಿಪ್ಪುಗಟ್ಟುವ, ನೀರಿನಿಂದ ತಂಪಾಗುವ ತಾಮ್ರದ ಅಚ್ಚು) ಎಣ್ಣೆ, ಉಕ್ಕು ಬೀಳುವುದು ತೆರೆದ ಧಾರೆಯಾಗಿ. ನಮ್ಮ ಲಾಗ್ ಪುಸ್ತಕ ತೆಲುಗಿನಲ್ಲಿದೆ, ಎರಕದ ವೇದಿಕೆಯ ಮೇಲಿನ ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತದೆ. ಆದ್ದರಿಂದ ಈ ಸಮಸ್ಯೆಯನ್ನು ಮನೆಮಾತಿನಲ್ಲಿ ಒಮ್ಮೆ ಬಿಡಿಸಿ ಬರೆದರೆ ನನಗೇ ಅದು ಸ್ಪಷ್ಟವಾದೀತು ಎಂದು ಇಲ್ಲಿಗೆ ಬಂದಿದ್ದೇನೆ.

ಸುಮಾರು ಆರು ವಾರಗಳಿಂದ ಎರಡನೇ ಸ್ಟ್ರಾಂಡಿನ ಬಿಲೆಟ್ ಚೌಕವಾಗಿ ಬರದೆ ವಜ್ರಾಕೃತಿಗೆ ತಿರುಗುತ್ತಿದೆ. ಕರ್ಣಗಳನ್ನು ಅಳೆದರೆ ಒಂದು 181 ಮಿ.ಮೀ., ಇನ್ನೊಂದು 172. ಮೊದಲು ಈ ವ್ಯತ್ಯಾಸ 3 ಅಥವಾ 4 ಮಿ.ಮೀ. ಮೀರುತ್ತಿರಲಿಲ್ಲ. ಒಂದನೇ ಸ್ಟ್ರಾಂಡ್ ಸರಿಯಾಗಿದೆ. ಮೇಲಿನವರು, ಮೋಲ್ಡಿನಿಂದ ಹೊರಬಂದ ಬಿಲೆಟಿನ ಮೇಲೆ ಚಿಮ್ಮಿಸುವ ಸ್ಪ್ರೇ ನೀರು ಸಾಲುತ್ತಿಲ್ಲವೆಂದು ತೀರ್ಮಾನಿಸಿ, ಕಿಲೋ ಉಕ್ಕಿಗೆ 1.2 ಲೀಟರ್ ಇದ್ದುದನ್ನು 1.6 ಲೀಟರಿಗೆ ಏರಿಸಲು ಹೇಳಿದರು, ಏರಿಸಿದೆವು. ವಜ್ರಾಕೃತಿ ಹಾಗೆಯೇ ಉಳಿಯಿತು, ಜೊತೆಗೆ ರೋಲಿಂಗ್ ಮಿಲ್‌ನಿಂದ ಒಳಬಿರುಕಿನ ದೂರು ಹೊಸದಾಗಿ ಬರತೊಡಗಿತು.

ಮೋಲ್ಡಿನ ಬಗ್ಗೆ ಯಾರಿಗೂ ಅನುಮಾನವಿಲ್ಲ, ಏಕೆಂದರೆ ಪಂಪಿನ ಪ್ರೆಶರ್ ಗೇಜ್ ಎಂದಿನಂತೆ 6 ಕೆ.ಜಿ. (ಚದರ ಸೆಂ.ಮೀ.ಗೆ) ತೋರಿಸುತ್ತಿದೆ. ಮೋಲ್ಡಿಗೆ ಹೋಗುವ ಮತ್ತು ಬರುವ ನೀರಿನ ತಾಪದ ಅಂತರ ಎರಡನೇ ಸ್ಟ್ರಾಂಡಿನಲ್ಲಿ 6 ಡಿಗ್ರಿಯಿಂದ 9 ಡಿಗ್ರಿಗೆ ಏರಿದೆ. ‘ಮೋಲ್ಡ್ ಮೊದಲಿಗಿಂತ ಹೆಚ್ಚು ಶಾಖ ಎಳೆಯುತ್ತಿದೆ, ಅದು ಒಳ್ಳೆಯದೇ ತಾನೆ’ ಎನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುತ್ತಿಲ್ಲ, ಆದರೆ ಏಕೆಂದು ಹೇಳಲು ಬರುತ್ತಿಲ್ಲ.

ರೋಲಿಂಗ್ ಪಾಳಿ (ಹಿಂದೂಪುರ)

ನಿಮ್ಮದೇ ಬಿಲೆಟ್ ನಮಗೆ ಬರುತ್ತಿದೆಯೋ ಬೇರೆಯವರದೋ ಗೊತ್ತಿಲ್ಲ, ಆದರೆ ಅಂಥದ್ದು ಬಂದಾಗ ನಮ್ಮ ಕಡೆ ಏನಾಗುತ್ತದೆಂದು ಹೇಳುತ್ತೇನೆ. ವಜ್ರಾಕೃತಿಯ ಬಿಲೆಟ್ ಬಿಲೆಟನ್ನು ತಳ್ಳುತ್ತ ಕಾಯಿಸುವ ಪುಷರ್ ಕುಲುಮೆಯಲ್ಲಿ ಒಂದರ ಮೇಲೊಂದು ಹತ್ತುತ್ತದೆ, ಮೊದಲ ಸ್ಟ್ಯಾಂಡಿನಲ್ಲಿ (ಮಿಲ್ಲಿನ ರೋಲ್ ಜೋಡಿ) ಮಗುಚಿಕೊಳ್ಳುತ್ತದೆ, ಗೈಡ್ ಮುರಿಯುತ್ತದೆ. ಒಳಬಿರುಕು ಹೊರಗಿನ ಗಾಳಿಗೆ ತೆರೆದುಕೊಳ್ಳದಿದ್ದರೆ ರೋಲಿಂಗ್‌ನಲ್ಲಿ ಬಹುಮಟ್ಟಿಗೆ ಬೆಸೆದುಕೊಳ್ಳುತ್ತದೆ. ಮೂಲೆಯ ಹತ್ತಿರದ್ದು ಬೆಸೆಯದೆ ಸರಳಿನ ಮೈಮೇಲೆ ಸೀಳಾಗಿ ಬರುತ್ತದೆ.

ಗಂಧಕ ಎಷ್ಟಿದೆ ಎಂದು ನೋಡಿ. ಐಎಸ್ 1786 (ಸರಳಿನ ದರ್ಜೆಗಳ ಭಾರತೀಯ ಮಾನದಂಡ) ಪ್ರಕಾರ ಎಫ್‌ಇ 500ಕ್ಕೆ 0.055 ಶೇಕಡಾವರೆಗೆ ಅನುಮತಿಯಿದೆ, 500ಡಿಗೆ 0.040. ಇಂಡಕ್ಷನ್ ಕುಲುಮೆಯಲ್ಲಿ ಗಂಧಕ ತೆಗೆಯಲು ಹೆಚ್ಚೇನೂ ಸಾಧ್ಯವಿಲ್ಲದ ಕಾರಣ ಗುಜರಿಯಲ್ಲಿ ಬಂದದ್ದು ಬಿಲೆಟಿಗೂ ಬರುತ್ತದೆ, ಆ ಗಂಧಕವೇ ಹರಳುಗಳ ನಡುವೆ ಕೊನೆಯವರೆಗೆ ದ್ರವವಾಗಿ ಉಳಿದು ಬಿರುಕಿಗೆ ದಾರಿ ಮಾಡಿಕೊಡುತ್ತದೆ.

ಅಕ್ಕಲಕೋಟೆಯ ಉಪನ್ಯಾಸಕಿ (ಸೊಲ್ಲಾಪುರ ಜಿಲ್ಲೆ)

ಪೆನ್ನಾರ್ ದಂಡೆಯವರೇ, ನಿಮಗೆ ಒಪ್ಪಿಗೆಯಾಗದಿರುವುದು ಸರಿಯಾಗಿಯೇ ಇದೆ. ತಾಪದ ಅಂತರ ಶಾಖವಲ್ಲ. ನೀರು ಒಯ್ಯುವ ಶಾಖವೆಂದರೆ ಹರಿವು, ನೀರಿನ ಉಷ್ಣಸಾಮರ್ಥ್ಯ ಮತ್ತು ತಾಪದ ಅಂತರ ಇವು ಮೂರರ ಗುಣಲಬ್ಧ. ಅಂತರ ಏರಿದೆಯೆಂದ ಮಾತ್ರಕ್ಕೆ ಶಾಖ ಏರಿತೆನ್ನಲು ಹರಿವು ಮೊದಲಿನಷ್ಟೇ ಇದೆಯೆಂಬುದು ಖಚಿತವಾಗಿರಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಗಾತ್ರದ ಮೋಲ್ಡಿಗೆ ನಿಮಿಷಕ್ಕೆ 1500 ಲೀಟರ್ ಹರಿವು ಇರುವುದು ವಾಡಿಕೆ. ಅಷ್ಟು ನೀರು 6 ಡಿಗ್ರಿ ಬಿಸಿಯಾದರೆ ಒಯ್ದ ಶಾಖ ಸುಮಾರು 630 ಕಿಲೋವ್ಯಾಟ್. ಉಕ್ಕಿನ ಮಟ್ಟದಿಂದ ಮೋಲ್ಡಿನ ಕೆಳತುದಿಯವರೆಗೆ 800 ಮಿ.ಮೀ. ಇದೆಯೆಂದು ಹಿಡಿದರೆ ನಾಲ್ಕು ಮುಖಗಳ ವಿಸ್ತೀರ್ಣ 0.4 ಚದರ ಮೀಟರ್. ಅಂದರೆ ಚದರ ಮೀಟರಿಗೆ ಸರಾಸರಿ 1.6 ಮೆಗಾವ್ಯಾಟಿನಷ್ಟು. ಇದನ್ನು ಸ್ಯಾವೇಜ್ ಮತ್ತು ಪ್ರಿಚರ್ಡ್ 1954ರಲ್ಲಿ ಕೊಟ್ಟ ಹಳೆಯ ಸೂತ್ರದೊಡನೆ ಹೋಲಿಸಬಹುದು: ಉಕ್ಕು ಮೋಲ್ಡಿನಲ್ಲಿ ಕಳೆಯುವ ಸೆಕೆಂಡುಗಳ ವರ್ಗಮೂಲವನ್ನು 0.223ರಿಂದ ಗುಣಿಸಿ 2.68ರಿಂದ ಕಳೆದರೆ ಸರಾಸರಿ ಸಿಗುತ್ತದೆ. ನಿಮ್ಮ ವೇಗಕ್ಕೆ 20 ಸೆಕೆಂಡು, ಉತ್ತರ 1.68. ಆರೋಗ್ಯವಂತ ಮೋಲ್ಡಿಗೆ ಇದು ಹೊಂದುವ ಸಂಖ್ಯೆ.

ಈಗ ನಿಮ್ಮ 9 ಡಿಗ್ರಿಯನ್ನು ಅದೇ 1500 ಲೀಟರಿನಿಂದ ಗುಣಿಸಿದರೆ ಚದರ ಮೀಟರಿಗೆ 2.4 ಮೆಗಾವ್ಯಾಟ್ ಸರಾಸರಿ ಬರುತ್ತದೆ. ಅದೇ ವೇಗ, ಅದೇ ಉಕ್ಕು, ಅದೇ ಎಣ್ಣೆ ಇರುವಾಗ ಮೋಲ್ಡ್ ಇದ್ದಕ್ಕಿದ್ದಂತೆ ಅರ್ಧದಷ್ಟು ಹೆಚ್ಚು ಶಾಖ ಎಳೆಯಲು ಕಾರಣವೇ ಇಲ್ಲ. ಬದಲಿಗೆ ಹರಿವು 1000 ಲೀಟರಿಗೆ ಇಳಿದಿದೆಯೆಂದುಕೊಳ್ಳಿ: 1000ವನ್ನು 9ರಿಂದ ಗುಣಿಸಿದರೂ 9000, 1500ನ್ನು 6ರಿಂದ ಗುಣಿಸಿದರೂ 9000. ಶಾಖ ಅಷ್ಟೇ ಬರುತ್ತಿದೆ, ನೀರು ಕಡಿಮೆಯಾಗಿದೆ. ನಿಮ್ಮ ಹರಿವಿನ ಮಾಪಕ ಎಷ್ಟು ತೋರಿಸುತ್ತಿದೆ?

ಪೆನ್ನಾರ್ ದಂಡೆ

ಮೇಡಂ, ಮಾಪಕ ಕೆಟ್ಟು ಎರಡು ವರ್ಷವಾಗಿರಬೇಕು. ಅದರ ಗಾಜಿನ ಮೇಲೆ ಕೂತ ಧೂಳು ಒರೆಸಿದವರೂ ಇಲ್ಲ. ಪ್ರೆಶರ್ ಸರಿಯಿದ್ದರೆ ಹರಿವೂ ಸರಿಯಿರುತ್ತದೆ ಎಂದೇ ನಡೆದುಕೊಂಡು ಬಂದಿದೆ.

ಚಂದ್ರಗಿರಿ ತೀರ (ಕಾಸರಗೋಡು)

ಅದೇ ತಪ್ಪು. ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಕೊಳವೆಯಲ್ಲಿ ಒತ್ತಡ ಏರುತ್ತದೆ, ಕೊಡ ತುಂಬುವುದು ಮಾತ್ರ ತಡವಾಗುತ್ತದೆ. ನೀರಿನ ದಾರಿ ಕಟ್ಟಿಕೊಂಡಷ್ಟೂ ಗೇಜ್ ಚೆನ್ನಾಗಿಯೇ ಕಾಣಿಸುತ್ತದೆ.

ನಾನು ಬಳ್ಳಾರಿ ಸೀಮೆಯಲ್ಲಿ ಸ್ಲ್ಯಾಬ್ ಎರಕದಲ್ಲಿದ್ದು ನಿವೃತ್ತನಾಗಿ ಈಗ ಊರಿನಲ್ಲಿ ಅಡಕೆ ನೋಡಿಕೊಂಡಿದ್ದೇನೆ. ಸ್ಲ್ಯಾಬಿನ ಅನುಭವವನ್ನು ಬಿಲೆಟಿಗೆ ಹಾಗೆಯೇ ಅಂಟಿಸಬಾರದು; ನಮ್ಮಲ್ಲಿ ನಿಮಿಷಕ್ಕೆ ಒಂದೂಕಾಲು ಮೀಟರ್ ವೇಗ, ಎಣ್ಣೆಯ ಬದಲು ಮೋಲ್ಡ್ ಪೌಡರ್, ಗಾಳಿ ಬೆರೆತ ಸ್ಪ್ರೇ ಎಲ್ಲವೂ ಬೇರೆ. ಆದರೂ ಮೂರು ಕೆಲಸ ನಿಮ್ಮ ಕೈಯಲ್ಲೇ ಇವೆ.

ಮೊದಲನೆಯದು, ಎರಕವಿಲ್ಲದ ಹೊತ್ತಿನಲ್ಲಿ ಪಂಪು ಓಡಿಸಿ, ಒಂದೊಂದೇ ಸ್ಟ್ರಾಂಡಿನ ಹಿಂತಿರುಗುವ ನೀರನ್ನು ಅಳತೆ ಗೊತ್ತಿರುವ ಒಂದು ಟ್ಯಾಂಕಿಗೆ ತಿರುಗಿಸಿ ಗಡಿಯಾರ ಹಿಡಿಯಿರಿ. ಇದಕ್ಕಿಂತ ನಂಬಿಗಸ್ಥ ಮಾಪಕ ಬೇರೆ ಇಲ್ಲ.

ಎರಡನೆಯದು, ಬಿಲೆಟಿನ ಒಂದು ಅಡ್ಡ ಹೋಳು ಕೊಯ್ದು, ನಯಗೊಳಿಸಿ, ಅರ್ಧಕ್ಕರ್ಧ ನೀರು ಬೆರೆಸಿದ ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಚ್ ಮಾಡಿ, ಅಂದರೆ ಬಿರುಕು ಎದ್ದು ಕಾಣುವಂತೆ ಮೇಲ್ಮೈಯನ್ನು ಆಮ್ಲಕ್ಕೆ ಒಡ್ಡಿ. ಆವಿ ಕುಡಿಯದಂತೆ ಹೊರಗೆ ಗಾಳಿಯಾಡುವಲ್ಲಿ ಮಾಡಿ. ಬಿರುಕು ಯಾವ ಆಳದಲ್ಲಿದೆ ಎಂಬುದರಿಂದ ಅದು ಹುಟ್ಟಿದ ಜಾಗ ಗೊತ್ತಾಗುತ್ತದೆ, ಏಕೆಂದರೆ ಇಂಥ ಬಿರುಕು ಹುಟ್ಟುವುದು ಘನ ಮತ್ತು ದ್ರವ ಸೇರುವ ಗಡಿಯಲ್ಲಿ, ಮತ್ತು ಆ ಗಡಿ ಎಷ್ಟು ಹೊತ್ತಿಗೆ ಎಲ್ಲಿರುತ್ತದೆಂದು ನಮಗೆ ಗೊತ್ತು.

ಮೂರನೆಯದು, ವಜ್ರಾಕೃತಿ ಯಾವಾಗಲೂ ಒಂದೇ ಕಡೆಗೆ ವಾಲುತ್ತದೆಯೇ, ಇಲ್ಲ ಒಂದು ಹೀಟಿನಲ್ಲಿ (ಒಂದು ಸಲ ಕರಗಿಸಿದ ಉಕ್ಕು) ಎಡಕ್ಕೆ ಮತ್ತೊಂದರಲ್ಲಿ ಬಲಕ್ಕೆ ತಿರುಗುತ್ತದೆಯೇ? ಒಂದೇ ಕಡೆಗಿದ್ದರೆ ಜೋಡಣೆಯ ತಪ್ಪು. ಅತ್ತಿತ್ತ ತಿರುಗುತ್ತಿದ್ದರೆ ತಾಮ್ರದ ಹಿಂಬದಿಯಲ್ಲಿ ನೀರು ಬಿಟ್ಟುಬಿಟ್ಟು ಕುದಿಯುತ್ತಿದೆ ಎಂದು ಸಂಶಯಿಸಬೇಕು. ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೀತ್ ಬ್ರಿಮಾಕೋಂಬ್ ಮತ್ತು ಇಂದಿರಾ ಸಮರಶೇಖರ. ಆಕೆ ಕೊಲಂಬೊದಲ್ಲಿ ಹುಟ್ಟಿದವರು, ಮುಂದೆ ಆಲ್ಬರ್ಟಾ ವಿಶ್ವವಿದ್ಯಾಲಯದ ಅಧ್ಯಕ್ಷೆಯೂ ಆದರು. ಬಿಲೆಟ್ ಮೋಲ್ಡಿನ ಬಗ್ಗೆ ನಾವು ಇಂದು ಸಲೀಸಾಗಿ ಆಡುವ ಮಾತುಗಳಲ್ಲಿ ಅರ್ಧಕ್ಕರ್ಧ ಅವರಿಬ್ಬರ ಕೆಲಸದಿಂದ ಬಂದವು.

ಹೊಸೂರು ಲೇತ್ (ಕೃಷ್ಣಗಿರಿ ಜಿಲ್ಲೆ)

ಮೋಲ್ಡ್ ಟ್ಯೂಬ್ ಮತ್ತು ಜಾಕೆಟ್ ದುರಸ್ತಿಗೆ ನಮ್ಮ ವರ್ಕ್‌ಶಾಪಿಗೆ ಬರುತ್ತಿರುತ್ತವೆ. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ನೀರಿನ ಸಂದು. ತಾಮ್ರದ ಟ್ಯೂಬಿಗೂ ಅದರ ಸುತ್ತಲಿನ ಸ್ಟೀಲ್ ಜಾಕೆಟಿಗೂ ನಡುವೆ ಇರುವುದು ಕೇವಲ 4 ಮಿ.ಮೀ. ನಿಮ್ಮ ಅಳತೆಗೆ 1500 ಲೀಟರ್ ಆ ಸಂದಿನಲ್ಲಿ ಹಾದರೆ ಸೆಕೆಂಡಿಗೆ 10 ಮೀಟರ್ ವೇಗ ಬರುತ್ತದೆ. ಈ ಕೆಲಸದಲ್ಲಿ ಬೇಕಾದದ್ದು ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಈ ವೇಗ. ಜಾಕೆಟ್ ಒಂದು ಮೂಲೆಯ ಕಡೆಗೆ ಒಂದು ಮಿ.ಮೀ. ಸರಿದು ಕೂತಿತೆಂದರೆ ಪಕ್ಕಪಕ್ಕದ ಎರಡು ಮುಖಗಳಲ್ಲಿ ಸಂದು 3, ಎದುರಿನ ಎರಡರಲ್ಲಿ 5 ಆಗುತ್ತದೆ. ನೀರಿಗೆ ಅಗಲವಾದ ದಾರಿಯೇ ಸುಲಭ. ಇಕ್ಕಟ್ಟಾದ ಕಡೆ ಘರ್ಷಣೆ ಹೆಚ್ಚಿ ವೇಗ ಇಳಿಯುತ್ತದೆ, ಆ ಎರಡು ಮುಖ ಬಿಸಿಯಾಗುತ್ತವೆ, ಉಳಿದೆರಡು ತಣ್ಣಗಿರುತ್ತವೆ. ಎರಡು ಮುಖ ಒಂದು ಬಗೆ, ಎರಡು ಮುಖ ಇನ್ನೊಂದು ಬಗೆಯಾಗಿ ಗಟ್ಟಿಯಾದ ಚಿಪ್ಪು ಚೌಕವಾಗಿ ಉಳಿಯುವುದಾದರೂ ಹೇಗೆ?

ಟ್ಯೂಬ್ ಎಷ್ಟು ಹೀಟ್ ಕಂಡಿದೆ, ಕೊನೆಯ ಸಲ ಟೇಪರ್ (ಕೆಳಕ್ಕೆ ಹೋದಂತೆ ಟ್ಯೂಬ್ ಕಿರಿದಾಗುವ ಪ್ರಮಾಣ) ಅಳೆದದ್ದು ಯಾವಾಗ ಎಂಬುದನ್ನೂ ತಿಳಿಸಿ.

ಪೆನ್ನಾರ್ ದಂಡೆ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಟ್ಯಾಂಕಿಗೆ ಕೊಳವೆ ಎಳೆಯಲು ಅನುಮತಿ ಸಿಗಬೇಕಿತ್ತು. 2000 ಲೀಟರಿನ ಟ್ಯಾಂಕ್ ತುಂಬಲು ಒಂದನೇ ಸ್ಟ್ರಾಂಡಿನ ನೀರಿಗೆ 84 ಸೆಕೆಂಡು ಹಿಡಿಯಿತು, ಎರಡನೆಯದಕ್ಕೆ 122. ನಂಬಿಕೆಯಾಗದೆ ಮೂರು ಸಲ ಮಾಡಿದೆ. ಒಂದೆರಡು ಸೆಕೆಂಡು ಅತ್ತಿತ್ತ, ಅಷ್ಟೇ. ಅಂದರೆ ನಿಮಿಷಕ್ಕೆ ಸುಮಾರು 1430 ಮತ್ತು 985 ಲೀಟರ್. ಮೇಡಂ ಕಾಗದದ ಮೇಲೆ ಹೇಳಿದ 1000ಕ್ಕೆ ಇಷ್ಟು ಹತ್ತಿರ ಬಂದದ್ದನ್ನು ನೋಡಿ ನಮ್ಮ ಫಿಟ್ಟರ್ ‘ಅವರು ಇಲ್ಲಿಗೆ ಬಂದು ನೋಡಿದ್ದರೇ?’ ಎಂದು ಕೇಳಿದ.

ಹೋಳನ್ನೂ ಎಚ್ ಮಾಡಿದೆವು. ಎರಡು ಬಗೆಯ ಬಿರುಕುಗಳಿವೆ. ಒಂದು, ವಿಶಾಲಕೋನದ ಮೂಲೆಗಳ ಪಕ್ಕದಲ್ಲಿ, ಮೇಲ್ಮೈಯಿಂದ ಸುಮಾರು 12 ಮಿ.ಮೀ. ಒಳಗೆ. ಇನ್ನೊಂದು ಮುಖದ ನಡುವಿನಿಂದ ಒಳಕ್ಕೆ, ಸುಮಾರು 32 ಮಿ.ಮೀ. ಆಳದಲ್ಲಿ, ಕೂದಲೆಳೆಯಂತೆ ಸಾಲಾಗಿ. ಹಳೆಯ ಹೋಳೊಂದು ಕಪಾಟಿನಲ್ಲಿ ಸಿಕ್ಕಿತು, ಸ್ಪ್ರೇ ಹೆಚ್ಚಿಸುವ ಮೊದಲಿನದು. ಅದರಲ್ಲಿ ಮೊದಲ ಬಗೆಯಿದೆ, ಎರಡನೆಯದಿಲ್ಲ. ವಾಲುವುದು ಬಹುತೇಕ ಒಂದೇ ಕಡೆಗೆ. ಟ್ಯೂಬ್ ಟೇಪರ್ ಅಳೆದ ದಾಖಲೆ ಸಿಗಲಿಲ್ಲ.

ಅಕ್ಕಲಕೋಟೆಯ ಉಪನ್ಯಾಸಕಿ

ಆಳದ ಲೆಕ್ಕ ಮಾಡುತ್ತೇನೆ. ಚಿಪ್ಪಿನ ದಪ್ಪ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗುಣಾಂಕವನ್ನು ನಿಮಿಷದ ವರ್ಗಮೂಲಕ್ಕೆ 26 ಮಿ.ಮೀ. ಎಂದು ಹಿಡಿಯೋಣ. 32 ಮಿ.ಮೀ. ಆಗಲು ಒಂದೂವರೆ ನಿಮಿಷ, ಅಂದರೆ ಉಕ್ಕಿನ ಮಟ್ಟದಿಂದ 3.6 ಮೀಟರ್ ಕೆಳಗೆ. 12 ಮಿ.ಮೀ. ಆಗಲು ಸುಮಾರು 13 ಸೆಕೆಂಡು, ಅರ್ಧ ಮೀಟರ್ ಕೆಳಗೆ, ಮೋಲ್ಡಿನೊಳಗೇ. ನಿಮ್ಮ ಸ್ಪ್ರೇ ಎಲ್ಲಿಗೆ ಮುಗಿಯುತ್ತದೆ?

ಚಂದ್ರಗಿರಿ ತೀರ

ಮೇಡಂ, ಒಂದು ಸಣ್ಣ ತಿದ್ದುಪಡಿ. ಮೋಲ್ಡಿನೊಳಗೆ ಗುಣಾಂಕ 26 ಇರುವುದಿಲ್ಲ, 20ರ ಆಸುಪಾಸು ಇರುತ್ತದೆ. ಚಿಪ್ಪು ಗಟ್ಟಿಯಾಗಿ ಕುಗ್ಗಿದ ಕೂಡಲೇ ತಾಮ್ರದಿಂದ ಸರಿದು ನಡುವೆ ಗಾಳಿಯ ಸಂದು ಬೀಳುತ್ತದೆ, ಮೊದಲು ಮೂಲೆಗಳಲ್ಲಿ. ಮೋಲ್ಡಿನಲ್ಲಿ ಶಾಖದ ಹಾದಿಗೆ ಅತಿ ದೊಡ್ಡ ಅಡ್ಡಿ ಆ ಸಂದೇ ಹೊರತು ತಾಮ್ರವಲ್ಲ. 20 ಹಿಡಿದರೆ 12 ಮಿ.ಮೀ.ಗೆ 22 ಸೆಕೆಂಡು, ಅಂದರೆ ಸುಮಾರು 0.85 ಮೀಟರ್, ಮೋಲ್ಡಿನ ಬಾಯಿಯಿಂದ ಹೊರಬಿದ್ದ ತಕ್ಷಣದ ಜಾಗ. ಮೂಲೆಯ ಪಕ್ಕ ಚಿಪ್ಪು ತೆಳ್ಳಗಿದ್ದು, ಹೊರಬಂದೊಡನೆ ಮುಖ ಉಬ್ಬಿದಾಗ ಅಲ್ಲಿ ಎಳೆತ ಬಿದ್ದಿರಬೇಕು.

ಅಕ್ಕಲಕೋಟೆಯ ಉಪನ್ಯಾಸಕಿ

ಒಪ್ಪಿದೆ. ನನ್ನದು ಪಾಠದ ಕೋಣೆಯ ಸಂಖ್ಯೆಯಾಗಿತ್ತು. ಅರ್ಧ ಮೀಟರಾಗಲಿ ಮುಕ್ಕಾಲು ದಾಟಿರಲಿ, ಸ್ಪ್ರೇ ಅದರ ಮೇಲೆ ಕೈಯಾಡಿಸುವ ಮೊದಲೇ ಮೊದಲ ಬಿರುಕಿನ ಕಥೆ ಮುಗಿದಿದೆ ಎಂಬುದು ಬದಲಾಗುವುದಿಲ್ಲ.

ಪೆನ್ನಾರ್ ದಂಡೆ

ಕೊನೆಯ ಸ್ಪ್ರೇ ನಾಝಲ್ ಉಕ್ಕಿನ ಮಟ್ಟದಿಂದ 3.2 ಮೀಟರ್ ಕೆಳಗಿದೆ.

ಚಂದ್ರಗಿರಿ ತೀರ

ಹಾಗಾದರೆ ಎರಡನೆಯ ಬಗೆಯ ಬಿರುಕು ಹುಟ್ಟಿದ್ದು ಸ್ಪ್ರೇ ಮುಗಿದ ಅರ್ಧ ಮೀಟರಿನೊಳಗೆ. ಅದನ್ನು ನೀವೇ ತಂದುಕೊಂಡಿರಿ, ಬೇಸರಪಡಬೇಡಿ. ಎಲ್ಲರೂ ಒಮ್ಮೆ ತಂದುಕೊಂಡವರೇ. ಸ್ಪ್ರೇ ಜೋರಾದಷ್ಟೂ ಮೇಲ್ಮೈ ತಣ್ಣಗಾಗುತ್ತದೆ. ನೀರು ನಿಂತ ಕೂಡಲೇ ಒಳಗಿನ ಶಾಖ ಹೊರಗೆ ಬಂದು ಮೇಲ್ಮೈ ಮತ್ತೆ ಬಿಸಿಯಾಗಿ ಹಿಗ್ಗುತ್ತದೆ, ಆ ಹಿಗ್ಗುವಿಕೆ ಒಳಗಿನ ಇನ್ನೂ ಬಲವಿಲ್ಲದ ಗಡಿಯನ್ನು ಎಳೆದು ಸೀಳುತ್ತದೆ. ಮೀಟರಿಗೆ 100 ಡಿಗ್ರಿಗಿಂತ ಹೆಚ್ಚು ಮರುಬಿಸಿ ಆಗಬಾರದೆಂಬುದು ಈ ಕೆಲಸದಲ್ಲಿ ಎಲ್ಲರೂ ಹಿಡಿದಿರುವ ಮಿತಿ. ರೋಲಿಂಗ್ ಪಾಳಿಯವರು ಹೇಳಿದ ಗಂಧಕ ಆ ಸೀಳನ್ನು ಸುಲಭವಾಗಿಸುತ್ತದೆ, ಹುಟ್ಟಿಸುವುದು ಮಾತ್ರ ನೀರು.

ಎರಕಕ್ಕೆ ಹೊಸಬ (ಮಡಕಶಿರಾ)

ನಾನು ಡಿಪ್ಲೊಮಾ ಮುಗಿಸಿ ಈಗಷ್ಟೇ ಸೇರಿದವನು. ಅಣ್ಣಂದಿರು ಸಿಟ್ಟಾಗಬಾರದು: ನೀರನ್ನು ಮೂರನೇ ಒಂದು ಪಾಲು ಹೆಚ್ಚಿಸಿದರೆ ಶಾಖವೂ ಮೂರನೇ ಒಂದು ಪಾಲು ಹೆಚ್ಚು ಹೋಗಿ ಬಿಲೆಟ್ ಗಟ್ಟಿಯಾಗಬೇಕಲ್ಲವೇ?

ಅಕ್ಕಲಕೋಟೆಯ ಉಪನ್ಯಾಸಕಿ

ಸಿಟ್ಟೇಕೆ ತಮ್ಮಾ, ಒಳ್ಳೆಯ ಪ್ರಶ್ನೆ. ಜಪಾನಿನ ನೊಝಾಕಿ ಮತ್ತು ಸಂಗಡಿಗರು 1978ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಸ್ಪ್ರೇಯ ಉಷ್ಣ ವರ್ಗಾವಣೆ ಚದರ ಮೀಟರಿಗೆ ಬೀಳುವ ನೀರಿನ ಪ್ರಮಾಣದ 0.55ನೇ ಘಾತದಂತೆ ಏರುತ್ತದೆ. 1.2ರಿಂದ 1.6 ಲೀಟರಿಗೆ ಹೋದರೆ ನೀರು 33 ಶೇಕಡಾ ಹೆಚ್ಚು, ಶಾಖ ಸೆಳೆಯುವ ಶಕ್ತಿ 17 ಶೇಕಡಾ ಮಾತ್ರ ಹೆಚ್ಚು. ಅದೇ ಸೂತ್ರದಲ್ಲಿ ನೀರಿನ ತಾಪಕ್ಕೂ ಜಾಗವಿದೆ: 30 ಡಿಗ್ರಿಯ ನೀರಿನ ಬದಲು 40 ಡಿಗ್ರಿಯದು ಬಂದರೆ ಸುಮಾರು 10 ಶೇಕಡಾ ಕಡಿಮೆ.

ಕಾರಣ ಆವಿಯ ಪೊರೆ. ನಮ್ಮಲ್ಲಿ ಜೋಳದ ರೊಟ್ಟಿಗೆ ಹಂಚು ಅತಿಯಾಗಿ ಕಾದಿದ್ದರೆ ಚಿಮುಕಿಸಿದ ನೀರು ಸುಂಯ್ ಎನ್ನದೆ ಮುತ್ತಿನಂತೆ ಗುಂಡಾಗಿ ಓಡಾಡುತ್ತದೆ. ಸ್ವಲ್ಪ ಆರಿದ ಮೇಲೆ ಮಾತ್ರ ಅಂಟಿಕೊಂಡು ಕುದಿಯುತ್ತದೆ. ಲೈಡನ್‌ಫ್ರಾಸ್ಟ್ 1756ರಲ್ಲಿ ವಿವರಿಸಿದ್ದು ಇದನ್ನೇ. 1000 ಡಿಗ್ರಿಯ ಬಿಲೆಟಿನ ಮೇಲೆ ಹನಿಗಳು ಪೊರೆಯ ಮೇಲೆ ಜಾರುತ್ತವೆ, ಶಾಖ ನಿಧಾನವಾಗಿ ಹೋಗುತ್ತದೆ. ಮೇಲ್ಮೈ ಒಂದು ಹಂತಕ್ಕಿಂತ ಕೆಳಗಿಳಿದರೆ ಪೊರೆ ಹರಿದು ನೀರು ನೇರವಾಗಿ ತಾಗುತ್ತದೆ. ಆಗ ಶಾಖದ ಹರಿವು ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಈ ಜಿಗಿತ ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ. ಮೂಲೆಯಲ್ಲಿ ಮೊದಲಾಗುತ್ತದೆ, ಸ್ಕೇಲ್ (ಮೇಲ್ಮೈಯ ಆಕ್ಸೈಡ್ ಪದರ) ಕಿತ್ತುಹೋದ ಜಾಗದಲ್ಲಿ ಮೊದಲಾಗುತ್ತದೆ. ಆದ್ದರಿಂದ ಅತಿಯಾದ ನೀರೆಂದರೆ ಅತಿಯಾದ ತಂಪು ಎನ್ನುವುದಕ್ಕಿಂತ ಅಂದಾಜಿಗೆ ಸಿಗದ ತಂಪು ಎನ್ನಬೇಕು.

ರೋಲಿಂಗ್ ಪಾಳಿ

ಎಲ್ಲವೂ ಸರಿ, ಟಂಡಿಶ್ (ಕರಗಿದ ಉಕ್ಕನ್ನು ಮೋಲ್ಡುಗಳಿಗೆ ಹಂಚುವ ಪಾತ್ರೆ) ತಾಪ ಎಷ್ಟೆಂದು ಯಾರೂ ಕೇಳಲಿಲ್ಲ.

ಪೆನ್ನಾರ್ ದಂಡೆ

ಸಾಮಾನ್ಯವಾಗಿ 1560ರಿಂದ 1565. ನಮ್ಮ ಉಕ್ಕು ಗಟ್ಟಿಯಾಗಲು ಆರಂಭಿಸುವುದು ಸುಮಾರು 1514ಕ್ಕೆ. ಅಂದರೆ 50 ಡಿಗ್ರಿಯ ಸೂಪರ್‌ಹೀಟ್. ಹೆಚ್ಚೆಂದು ನನಗೂ ಗೊತ್ತು. ಲ್ಯಾಡಲ್ (ಕುಲುಮೆಯಿಂದ ಉಕ್ಕು ತರುವ ಪಾತ್ರೆ) ಚಿಕ್ಕದು, ಕೊನೆಯ ಎರಡು ಟನ್ನಿಗೆ ಬರುವಷ್ಟರಲ್ಲಿ ತಾಪ ಇಳಿದು ಟಂಡಿಶ್ ನಾಝಲ್ ಕಟ್ಟಿಕೊಂಡರೆ ಇಡೀ ಸ್ಟ್ರಾಂಡ್ ನಿಲ್ಲಿಸಬೇಕು. ಆ ಭಯಕ್ಕೆ ಕುಲುಮೆಯವರು 1660ಕ್ಕೆ ಟ್ಯಾಪ್ ಮಾಡುತ್ತಾರೆ. ಲ್ಯಾಡಲನ್ನು ಚೆನ್ನಾಗಿ ಕಾಯಿಸಿ, ಮೇಲೆ ಭತ್ತದ ಹೊಟ್ಟಿನ ಬೂದಿ ಮುಚ್ಚಿದರೆ 20 ಡಿಗ್ರಿ ಇಳಿಸಬಹುದೆಂದು ನಾನು ಹೇಳುತ್ತಲೇ ಬಂದಿದ್ದೇನೆ.

ಚಂದ್ರಗಿರಿ ತೀರ

ಇಳಿಸಿ. 20 ಡಿಗ್ರಿಯೆಂದರೆ ಕಿಲೋಗೆ ಸುಮಾರು 16 ಕಿಲೋಜೂಲ್. ನಿಮ್ಮ ಮೋಲ್ಡ್ ಇಡಿಯಾಗಿ ತೆಗೆಯುವುದೇ ಕಿಲೋಗೆ 130 ಕಿಲೋಜೂಲಿನಷ್ಟು. ಅದರಲ್ಲಿ ಎಂಟನೇ ಒಂದು ಪಾಲು ಚಿಪ್ಪು ಕಟ್ಟುವುದಕ್ಕೆ ಬದಲಾಗಿ ಬಿಸಿ ಇಳಿಸುವುದಕ್ಕೇ ಖರ್ಚಾಗುತ್ತಿದೆ. ಆದರೆ ಒಂದನೇ ಸ್ಟ್ರಾಂಡಿಗೂ ಅದೇ ಟಂಡಿಶ್, ಅದೇ ಉಕ್ಕು, ಅದು ಚೌಕವಾಗಿಯೇ ಬರುತ್ತಿದೆ. ಆದ್ದರಿಂದ ವಜ್ರಾಕೃತಿಗೆ ಸೂಪರ್‌ಹೀಟನ್ನು ಹೊಣೆ ಮಾಡಲಾಗದು.

ಹೊಸೂರು ಲೇತ್

ಮೋಲ್ಡ್ ಬಿಚ್ಚಿ ಅಣ್ಣಾ. ಇನ್ನು ಕಾಗದದಲ್ಲಿ ಮಾಡುವುದೇನೂ ಉಳಿದಿಲ್ಲ. ಮೋಲ್ಡಿಗೆ ಯಾವ ನೀರು ಕೊಡುತ್ತಿದ್ದೀರಿ ಎಂಬುದನ್ನೂ ಹೇಳಿ.

ಪೆನ್ನಾರ್ ದಂಡೆ

ಸಾಫ್ಟ್‌ನರ್ ಇದೆ. ಇದೆ ಎಂದರೆ, ನಿಂತಿದೆ. ವಿಚಾರಿಸಿದಾಗ ತಿಳಿದದ್ದು: ನೀರಿನ ಗಡಸುತನ ತೆಗೆಯುವ ರೆಸಿನ್ ತೊಳೆಯಲು ಬೇಕಾದ ಉಪ್ಪಿನ ದಾಸ್ತಾನು ಚಳಿಗಾಲದಲ್ಲೇ ಮುಗಿದಿದೆ, ಅಂದಿನಿಂದ ಮೋಲ್ಡಿನ ತೊಟ್ಟಿಗೂ ಬೋರ್‌ವೆಲ್ ನೀರನ್ನೇ ಬಿಟ್ಟಿದ್ದಾರೆ. ನಮ್ಮ ಕಡೆಯ ಬೋರ್ ನೀರು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಮನೆಯಲ್ಲಿ ಬಿಸಿನೀರಿನ ಪಾತ್ರೆಯ ತಳ ವರ್ಷದಲ್ಲಿ ಬೆಳ್ಳಗೆ ಹಕ್ಕಳೆಗಟ್ಟುತ್ತದೆ.

ಅಕ್ಕಲಕೋಟೆಯ ಉಪನ್ಯಾಸಕಿ

ಆ ಹಕ್ಕಳೆಯ ಲೆಕ್ಕವನ್ನು ಒಮ್ಮೆ ಗೋಡೆಗೆ ಬರೆದಿಡುವುದು ಒಳ್ಳೆಯದು. ಉಕ್ಕಿನ ಮಟ್ಟದ ಸ್ವಲ್ಪ ಕೆಳಗೆ ಶಾಖದ ಹರಿವು ಚದರ ಮೀಟರಿಗೆ 2.5 ಮೆಗಾವ್ಯಾಟ್ ಎಂದು ಹಿಡಿಯಿರಿ. 12 ಮಿ.ಮೀ. ದಪ್ಪದ ತಾಮ್ರವನ್ನು ಅಷ್ಟು ಶಾಖ ದಾಟಲು ಬೇಕಾಗುವ ತಾಪದ ಅಂತರ ಸುಮಾರು 90 ಡಿಗ್ರಿ. ಸುಣ್ಣದ ಪದರದ ಉಷ್ಣವಾಹಕತೆ ತಾಮ್ರದ ನೂರೈವತ್ತನೇ ಒಂದು ಪಾಲೂ ಇಲ್ಲ. ಅದರ ಹತ್ತನೇ ಒಂದು ಮಿಲಿಮೀಟರ್ ದಾಟಲು 125ರಿಂದ 250 ಡಿಗ್ರಿ ಬೇಕು. ಉಗುರಿನಲ್ಲಿ ಕೆರೆದರೆ ಬರುವಷ್ಟು ಪದರ ಇಡೀ ತಾಮ್ರದ ಗೋಡೆಗಿಂತ ದೊಡ್ಡ ಅಡ್ಡಿ. 350 ಡಿಗ್ರಿಯ ಸುತ್ತ ಆ ತಾಮ್ರ ಮೆತ್ತಗಾಗತೊಡಗುತ್ತದೆ, ಟ್ಯೂಬ್ ಉಬ್ಬಿ ಟೇಪರ್ ಹಾಳಾಗುತ್ತದೆ.

ನೀರಿನ ವೇಗದ ಪಾಲೂ ಇದೆ. ಸೆಕೆಂಡಿಗೆ 10 ಮೀಟರಿನಲ್ಲಿ ನೀರಿಗೂ ತಾಮ್ರದ ಹಿಂಬದಿಗೂ 60 ಡಿಗ್ರಿಯ ಅಂತರವಿದ್ದರೆ, ಐದೂವರೆ ಮೀಟರಿನಲ್ಲಿ ಅದು 100ಕ್ಕೆ ಏರುತ್ತದೆ. 35 ಡಿಗ್ರಿಯ ನೀರಿಗೆ ಅದನ್ನು ಕೂಡಿಸಿ. ನೀರು ಕೆಳಗಿನಿಂದ ಹೊಕ್ಕು ಮೇಲೆ ಹೊರಬರುವುದರಿಂದ, ಅತಿ ಬಿಸಿಯಾದ ಜಾಗಕ್ಕೆ ಸಿಗುವುದು ಒತ್ತಡ ಕಳೆದುಕೊಂಡ, ಆಗಲೇ ಬಿಸಿಯಾದ ನೀರು. ಅಲ್ಲಿ ಅದು ಕುದಿಯುವುದಕ್ಕೆ ಹೆಚ್ಚು ದೂರವಿಲ್ಲ. ಬಿಸಿಯಾದಷ್ಟೂ ಕ್ಯಾಲ್ಸಿಯಂ ಕಾರ್ಬೋನೇಟ್ ನೀರಿನಲ್ಲಿ ಕಡಿಮೆ ಕರಗುತ್ತದೆ, ಆದ್ದರಿಂದ ಪದರ ಕೂರುವುದೂ ಮೊದಲು ಅಲ್ಲೇ.

ಚಂದ್ರಗಿರಿ ತೀರ

ಇಲ್ಲೊಂದು ವಿಚಿತ್ರವಿದೆ. ನಿಮ್ಮ ಸೀಮೆಯ ಒಣಹವೆ ಕೂಲಿಂಗ್ ಟವರಿಗೆ ವರ. ಬಿಸಿಲು 39 ಇದ್ದರೂ ಒದ್ದೆ ಬಲ್ಬಿನ ತಾಪ (ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ತೋರಿಸುವುದು) 22 ಅಥವಾ 23 ಇರುವುದರಿಂದ ಟವರ್ 27 ಡಿಗ್ರಿಯ ನೀರು ಕೊಡಬಲ್ಲದು. ನಮ್ಮ ಕರಾವಳಿಯಲ್ಲಿ ಮೇ ತಿಂಗಳಿನಲ್ಲಿ ಬಿಸಿಲು 33 ದಾಟದಿದ್ದರೂ ಒದ್ದೆ ಬಲ್ಬ್ 27ರ ಸುತ್ತ ಇರುತ್ತದೆ, ಎಷ್ಟು ದೊಡ್ಡ ಟವರ್ ಕಟ್ಟಿದರೂ 31ಕ್ಕಿಂತ ತಣ್ಣನೆಯ ನೀರು ಸಿಗುವುದು ಕಷ್ಟ. ಆದರೆ ಟವರ್ ತಂಪು ಮಾಡುವುದು ನೀರನ್ನು ಆವಿ ಮಾಡಿಯೇ: 6 ಡಿಗ್ರಿ ಇಳಿಸಲು ನೂರಕ್ಕೆ ಒಂದು ಪಾಲು ನೀರು ಹೋಗುತ್ತದೆ, ಉಪ್ಪೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಎರಡು ಸ್ಟ್ರಾಂಡಿಗೆ ಗಂಟೆಗೆ 1800 ಲೀಟರಿನಷ್ಟು. ಅಷ್ಟನ್ನೂ ಗಡಸು ನೀರಿನಿಂದಲೇ ತುಂಬುತ್ತ, ಬ್ಲೋಡೌನ್ ಬಿಡದೆ (ಉಪ್ಪೇರಿದ ನೀರನ್ನು ಆಗಾಗ ಹೊರಬಿಡದೆ) ಇದ್ದರೆ ತೊಟ್ಟಿಯ ಗಡಸುತನ ಬೋರಿನದರ ಹಲವು ಪಟ್ಟಾಗುತ್ತದೆ.

ಪೆನ್ನಾರ್ ದಂಡೆ

ಭಾನುವಾರ ಬಿಚ್ಚಿದೆವು. ಹೇಳಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಜಾಕೆಟ್ ಎತ್ತುವ ಮೊದಲು ಫೀಲರ್ ಗೇಜಿನಿಂದ ಸಂದು ನೋಡಿದೆವು. ಪಕ್ಕಪಕ್ಕದ ಎರಡು ಮುಖಗಳಲ್ಲಿ 3.1, ಉಳಿದೆರಡರಲ್ಲಿ 4.9. ಕೆಳಗಿನ ಹೊಂದಿಕೆಯ ಒಂದು ಬೋಲ್ಟಿನ ನೆತ್ತಿ ತುಕ್ಕು ಹಿಡಿದು ಸವೆದಿತ್ತು. ಕಳೆದ ಸಲ ಟ್ಯೂಬ್ ಬದಲಿಸಿದಾಗ ಆ ಬೋಲ್ಟ್ ಬಿಗಿಯದೆ ಜಾಕೆಟ್ ಒಂದು ಮೂಲೆಗೆ ಸರಿದು ಕೂತಿದೆ. ಹೊಸೂರಿನವರು ಬರೆದದ್ದನ್ನು ಫಿಟ್ಟರಿಗೆ ಓದಿ ಹೇಳಿದೆ. ಅವನು ಏನೂ ಮಾತಾಡಲಿಲ್ಲ.

ಟ್ಯೂಬ್ ಹೊರಬಂದಾಗ ಅಗಲವಾದ ಸಂದಿನ ಎರಡು ಮುಖಗಳಲ್ಲಿ ತಾಮ್ರದ ಬಣ್ಣ ಕಾಣುತ್ತಿತ್ತು, ಮಂಕಾಗಿದ್ದರೂ ತಾಮ್ರವೇ. ಇಕ್ಕಟ್ಟಾದ ಎರಡು ಮುಖಗಳಲ್ಲಿ ಮೇಲಿನಿಂದ ಒಂದು ಗೇಣಿನ ಕೆಳಗೆ ಅಡ್ಡಕ್ಕೆ ಅಂಗೈ ಅಗಲದ ಒಂದು ಪಟ್ಟಿ, ಹಳೆಯ ಸುಣ್ಣದ ಗೋಡೆಯ ಬಣ್ಣ, ಬೆರಳಿಗೆ ಮರಳುಕಾಗದದಂತೆ ತಾಗುತ್ತಿತ್ತು. ಕೆರೆದ ಚೂರನ್ನು ಮೈಕ್ರೋಮೀಟರಿನಲ್ಲಿ ಹಿಡಿದರೆ 0.2 ಮಿ.ಮೀ. ಒಂದು ಹನಿ ಆಮ್ಲ ಬಿಟ್ಟರೆ ನೊರೆಗಟ್ಟಿತು. ಒಳಬದಿಯಲ್ಲಿ ಅದೇ ಎತ್ತರದಲ್ಲಿ ಕ್ರೋಮ್ ಲೇಪ ಜೇಡರ ಬಲೆಯಂತೆ ಬಿರಿದಿದೆ, ಗೋಡೆ ಒಳಕ್ಕೆ ಉಬ್ಬಿದೆ. ಸ್ಟ್ರೇನರಿನಲ್ಲಿ ಸಿಕ್ಕಿದ ಸ್ಕೇಲ್ ಮತ್ತು ಸುಣ್ಣದ ಚೂರು ಎರಡು ಹಿಡಿಯಷ್ಟಿತ್ತು. ಹರಿವು ಇಳಿಯಲು ಅದೂ ಕಾರಣವಾಗಿರಬೇಕು.

ಹೊಸ ಟ್ಯೂಬ್ ಹಾಕಿ, ನಾಲ್ಕೂ ಮುಖಗಳಲ್ಲಿ ಸಂದನ್ನು 3.9ರಿಂದ 4.1ರೊಳಗೆ ಕೂರಿಸಿ, ತೊಟ್ಟಿ ಬರಿದು ಮಾಡಿ ಮೃದು ನೀರು ತುಂಬಿ, ಟ್ಯಾಂಕಿನ ಪರೀಕ್ಷೆ ಮತ್ತೆ ಮಾಡಿದೆವು: 81 ಸೆಕೆಂಡು. ಈ ವಾರದ ಬಿಲೆಟಿನ ಕರ್ಣಗಳ ವ್ಯತ್ಯಾಸ 2ರಿಂದ 3 ಮಿ.ಮೀ. ತಾಪದ ಅಂತರ 6ಕ್ಕೆ ಇಳಿದದ್ದನ್ನು ನೋಡಿ ಮೇಲಿನವರೊಬ್ಬರು ‘ಮೋಲ್ಡ್ ಈಗ ಶಾಖ ಎಳೆಯುತ್ತಿಲ್ಲವಲ್ಲ’ ಎಂದರು. ಮೇಡಂ ಅವರ ಗುಣಾಕಾರವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹರಿವಿನ ಮಾಪಕ ತರಿಸಲು ಅನುಮತಿ ಸಿಕ್ಕಿತು.

ಸ್ಪ್ರೇಯನ್ನು 1.2ಕ್ಕೆ ಮರಳಿಸಿದೆವು. ನಡುಭಾಗದ ಬಿರುಕು ಹೆಚ್ಚಿನ ಹೋಳುಗಳಲ್ಲಿ ಇಲ್ಲ, ಆದರೆ ಪಾಳಿಯ ಕೊನೆಯ ಹೋಳುಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಇದೆ. ಇದು ಏಕೆಂದು ಗೊತ್ತಾಗಿಲ್ಲ.

ಚಂದ್ರಗಿರಿ ತೀರ

ಪಾಳಿಯ ಕೊನೆಗೆ ವೇಗ ಎಷ್ಟಿರುತ್ತದೆ? ತೆರೆದ ಧಾರೆಯಲ್ಲಿ ಟಂಡಿಶ್ ನಾಝಲ್ ಸವೆದು ತೂತು ದೊಡ್ಡದಾದಂತೆ ಉಕ್ಕು ಹೆಚ್ಚು ಸುರಿಯುತ್ತದೆ, ಮಟ್ಟ ಕಾಯಲು ನೀವು ಎಳೆಯುವ ವೇಗ ಏರಿಸಲೇಬೇಕು. ಆಗ ಸ್ಪ್ರೇ ಕವಾಟವನ್ನು ಯಾರು ತಿರುಗಿಸುತ್ತಾರೆ?

ಪೆನ್ನಾರ್ ದಂಡೆ

ಕೊನೆಗೆ 2.8ರವರೆಗೂ ಹೋಗುತ್ತದೆ. ಕವಾಟ ಕೈಯಿಂದಲೇ. ‘ಪಾನಿ ಬಢಾವೋ’ ಎಂದು ಕೂಗಿದಾಗ ಕೆಳಗಿದ್ದವನು ಅಂದಾಜಿಗೆ ಅರ್ಧ ಸುತ್ತು ತಿರುಗಿಸುತ್ತಾನೆ. ಕೆಲವೊಮ್ಮೆ ಒಂದು ಸುತ್ತು.

ಚಂದ್ರಗಿರಿ ತೀರ

ಅಲ್ಲಿದೆ ನಿಮ್ಮ ಉಳಿದ ಬಿರುಕು. 2.4ರಲ್ಲಿ ಸ್ಟ್ರಾಂಡಿಗೆ ನಿಮಿಷಕ್ಕೆ ಸುಮಾರು 290 ಕಿಲೋ ಉಕ್ಕು, 350 ಲೀಟರ್ ನೀರು, 2.8ರಲ್ಲಿ 340 ಕಿಲೋ, 410 ಲೀಟರ್. ಈ ಎರಡರ ನಡುವಿನ ನಾಲ್ಕೈದು ಅಂಕಿಗಳನ್ನು ಕವಾಟದ ಪಕ್ಕ ತಗಡಿನ ಮೇಲೆ ಬರೆದು, ಸ್ಪ್ರೇ ಕೊಳವೆಗೂ ಒಂದು ಸಾದಾ ರೋಟಾಮೀಟರ್ (ಹರಿವಿನ ಮಾಪಕ) ಹಾಕಿಸಿ. ಹೆಚ್ಚಿಸುವುದನ್ನೂ ಎಲ್ಲ ವಲಯಗಳಿಗೆ ಹಂಚಿ. ಮೇಲಿನದೊಂದನ್ನೇ ತೆರೆದು ಬಿಡಬೇಡಿ. ದೊಡ್ಡ ಯಂತ್ರಗಳಲ್ಲಿ ಕಂಪ್ಯೂಟರು ಸ್ಟ್ರಾಂಡನ್ನು ಹೋಳುಹೋಳಾಗಿ ಎಣಿಸಿ, ಪ್ರತಿ ಹೋಳಿನ ವಯಸ್ಸು ನೋಡಿ ನೀರು ಕೊಡುತ್ತದೆ, ಏಕೆಂದರೆ ವೇಗ ಈಗ ಏರಿದರೂ ಕೆಳಗೆ ಇರುವ ಉಕ್ಕು ನಿಧಾನದ ಕಾಲದಲ್ಲಿ ಹುಟ್ಟಿದ್ದು. ನಿಮ್ಮಲ್ಲಿ ಅಷ್ಟು ಬೇಡ. ವೇಗ ಏರಿಸುವಾಗ ಹತ್ತು ಸೆಕೆಂಡಿಗೆ 0.1 ಮೀಟರಿನಂತೆ ನಿಧಾನವಾಗಿ ಏರಿಸಿದರೆ ನೀರು ಅದನ್ನು ಹಿಂಬಾಲಿಸಲು ಸಮಯ ಸಿಗುತ್ತದೆ.

ಪೆನ್ನಾರ್ ದಂಡೆ

ತಗಡು ಇವತ್ತೇ ಬರೆಸುತ್ತೇನೆ, ಹಿಂದಿಯಲ್ಲಿ. ಮುಂದಿನ ಭಾನುವಾರ ಒಂದನೇ ಸ್ಟ್ರಾಂಡಿನ ಮೋಲ್ಡನ್ನೂ ಬಿಚ್ಚುವುದೆಂದು ತೀರ್ಮಾನವಾಗಿದೆ, ಅದೂ ಅದೇ ನೀರು ಕುಡಿದದ್ದು.

ಹೊಸೂರು ಲೇತ್

ಬಿಚ್ಚುವ ಮೊದಲು ಟ್ಯೂಬಿಗೂ ಜಾಕೆಟಿಗೂ ನಾಲ್ಕೂ ಮುಖಗಳಲ್ಲಿ ಒಂದೇ ಗುರುತು ಕೊರೆಯಿರಿ, ಯಾವ ಮುಖ ಸ್ಟ್ರಾಂಡಿನ ಯಾವ ಕಡೆಗಿತ್ತೆಂದು. ಹಿಂದೊಮ್ಮೆ ಗುರುತಿಲ್ಲದೆ ಬಂದ ಟ್ಯೂಬಿನಲ್ಲಿ ಉಬ್ಬು ಎಲ್ಲಿದೆಯೆಂದು ಅಳೆದು ಹೇಳಿದೆವು; ಅದು ಯಂತ್ರದ ಯಾವ ಕಡೆಯದೆಂದು ಕಳಿಸಿದವರಿಗೂ ಗೊತ್ತಿರಲಿಲ್ಲ.